ಗೆರೆಗಳ ಪಕ್ಕದ ಖಾಲಿ ಜಾಗ

ಬಿಸಿಯಾದ ಅಂಟುಚೀಟಿಯ ವಾಸನೆ ನಿಮಗೆ ಗೊತ್ತಿರಲಾರದು; ಸುಟ್ಟ ಗೋಂದಿನ ವಾಸನೆ ಎನ್ನಿ. ಶಹಾಬಾದಿನ ನಮ್ಮ ಕಚೇರಿಯ ಪ್ರಿಂಟರಿನಿಂದ ಇವತ್ತು ಅದು ಬಂದಾಗ ಸೇಡಂ ನೆನಪಾಯಿತು. ವರ್ಷಗಳೇ ಆದವು, ಮರೆತಿಲ್ಲ.

ಆಗ ನಾನು ಸೇಡಂನಲ್ಲಿ ಟಪಾಲು ಗುತ್ತಿಗೆದಾರರೊಬ್ಬರ ಬಳಿ ಲಕೋಟೆಗಳಿಗೆ ಬಾರ್‌ಕೋಡ್ ಅಚ್ಚು ಹಾಕುತ್ತಿದ್ದೆ. ಅದಕ್ಕೆ ಬಳಸುತ್ತಿದ್ದದ್ದು ಯಾರೋ ಪುಣ್ಯಾತ್ಮರು ಅಂತರ್ಜಾಲದಲ್ಲಿ ಪುಕ್ಕಟೆ ಹಂಚಿದ್ದ ಪ್ರೋಗ್ರಾಂ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು. ಪಿನ್‌ಕೋಡು, ಕ್ರಮಸಂಖ್ಯೆ ಕೊಟ್ಟರೆ ಗೆರೆ ಎಳೆದುಕೊಡುತ್ತಿತ್ತು. ಅದರ ಒಳಗನ್ನು ಯಾರು ಬೇಕಾದರೂ ತಿದ್ದಬಹುದಿತ್ತು. ಕಂಪ್ಯೂಟರ್ ಪದವಿ ಪಡೆದವನು ತಿದ್ದದೆ ಕೂತಾನೆಯೇ? ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ಮಾತಿಗೆ ಸಿಗುತ್ತಿದ್ದವರು ಲಕೋಟೆ ವಿಂಗಡಿಸುವ ಹಣಮಂತರಾಯರು ಮಾತ್ರ.

"ಗೆರಿ ಮಷೀನು ಓದ್ತದ್ರಿ ಸರ. ನನಗ ಊರ ಹೆಸರು ದೊಡ್ಡದಾಗಿ ಹಾಕಿ ಕೊಡ್ರಿ. ಸುಲೇಪೇಟ ಯಾವ್ದು, ಕುಂಚಾವರಂ ಯಾವ್ದು, ಒಂದೂ ಕಾಣವಲ್ದು."

"ಕನ್ನಡಕ ಹಾಕ್ಕೋರಿ ಕಾಕಾ."

"ಭಾಳ ಮುದುಕ ಕಾಣ್ತೀನ್ರಿ. ನಮ್ಮನ್ಯಾಗ ಅಕಿ ನಗ್ತಾಳ."

ಒಪ್ಪಿದೆ. ಗೆರೆಗಳ ಎಡಬಲಕ್ಕೆ ಲೈಬ್ರರಿ ಬಿಡುತ್ತಿದ್ದ ಖಾಲಿ ಜಾಗ ದಂಡವೆನಿಸಿತು. ಅಲ್ಲಿ ಊರ ಹೆಸರು ಕೂರಿಸಿದೆ. ಆ ಬಿಳಿ ಇದ್ದರೇನೇ ಗೆರೆ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಯಂತ್ರಕ್ಕೆ ತಿಳಿಯುವುದು. ಸೂಚನೆಯಲ್ಲಿ ಬರೆದಿತ್ತು. ನಾನು ಓದಿರಲಿಲ್ಲ.

ವಾಡಿಯಲ್ಲಿದ್ದ ಟಪಾಲು ವಿಂಗಡಿಸುವ ಯಂತ್ರ ನಮ್ಮ ಲಕೋಟೆಗಳ ಇಡೀ ಚೀಲವನ್ನೇ ತಿರಸ್ಕರಿಸಿತು. ಮತ್ತೆ ಅಚ್ಚು ಹಾಕಲು ನಾನೂ ಕಾಕಾನೂ ವಾಡಿಗೆ ಹೋಗಿ ಅದನ್ನು ಸೇಡಂಗೆ ತರಬೇಕಾಯಿತು. ವಾಡಿ ನಿಲ್ದಾಣದಲ್ಲಿ ಸೇಡಂ ಪ್ಯಾಸೆಂಜರ್ ಗಾಡಿ ಆಚೆಯ ಪ್ಲಾಟ್‌ಫಾರ್ಮಿನಲ್ಲಿ ಹೊರಡಲು ನಿಂತಿತ್ತು. ನಾನು ಮೇಲ್ಸೇತುವೆ ಹತ್ತಿದೆ. ಮೊಣಕಾಲು ನೋವಿನ ಕಾಕಾ ಚೀಲ ಹೊತ್ತು ಹಳಿಗೇ ಇಳಿದರು. ಅತ್ತಲಿಂದ ಗೂಡ್ಸ್ ಗಾಡಿ ಬರುತ್ತಿತ್ತು. ಮೇಲಿನಿಂದ ಕೂಗಿದೆ, ಕೂಗು ಸೀಟಿಯಲ್ಲಿ ಮುಳುಗಿತು. ಅವರು ಎಡವಿದರು. ಆಮೇಲೆ ಬರೀ ಡಬ್ಬಿಗಳು. ಈಗಲೂ ಕಣ್ಣು ಮುಚ್ಚಿದರೆ ಆ ಡಬ್ಬಿಗಳು ಮುಗಿಯುವುದೇ ಇಲ್ಲ.

ಗಾಡಿ ದಾಟಿದಾಗ ಆಚೆ ಜಲ್ಲಿಕಲ್ಲಿನ ಮೇಲೆ ಕೂತಿದ್ದರು, ಒಂದೇ ಕಾಲಿಗೆ ಚಪ್ಪಲಿ. "ಚೀಲ ಹರೀಲಿಲ್ಲರಿ ಸರ," ಎಂದರು.

ಮರುದಿನ ಊರ ಹೆಸರುಗಳನ್ನು ಅಳಿಸಿದೆ.

"ಯಾಕ ತೆಗದ್ರಿ?"

"ಮ್ಯಾಲಿಂದ ಆರ್ಡರ್ ಬಂದದ ಕಾಕಾ."

"ಹಂಗಂದ್ರ ಮುದುಕ ಆಗಲೇಬೇಕು ಬಿಡ್ರಿ," ಎಂದು ನಕ್ಕರು. ನನ್ನ ತಪ್ಪು ಮುಚ್ಚಿದ ಆ ಸುಳ್ಳನ್ನು ನಂಬಿದ ಮನುಷ್ಯನೆದುರು ಕೂತು ಮತ್ತೆ ಚಹಾ ಕುಡಿಯಲಾಗಲಿಲ್ಲ. ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟೆ.

ಇವತ್ತು ಸಹೋದ್ಯೋಗಿ ಸುನಂದಾ ನಾನು ಅಚ್ಚು ಹಾಕಿದ ಅಂಟುಚೀಟಿ ನೋಡಿ, "ಗೆರಿ ಆಜೂಬಾಜೂ ಇಷ್ಟು ಜಾಗ ಯಾಕ್ರಿ ಬಿಡ್ತೀರಿ?" ಎಂದು ಕೇಳಿದರು. ಏನಾಯಿತೋ, ಮೊದಲ ಸಲ ಬಾಯಿಬಿಟ್ಟು ಎಲ್ಲ ಹೇಳಿದೆ.

"ಆ ಕಾಕಾಗ ಹೇಳೀರೇನ್ರಿ?"

"ಇಲ್ಲ."

"ಮತ್ತ ನನಗ್ಯಾಕ ಹೇಳಾಕತ್ತೀರಿ?"

ಅರ್ಧ ದಿನದ ರಜೆ ಬರೆದುಕೊಟ್ಟು ಸೇಡಂ ಬಸ್ಸು ಹತ್ತಿದೆ.