ನಡುಗಡ್ಡೆಯ ಹಗ್ಗ

ಆಲಮೇಲದ ಆಚೆ ಭೀಮಾ ನದಿ ಎರಡು ಸೀಳಾಗಿ ಹರಿದು ಮತ್ತೆ ಕೂಡುವಲ್ಲಿ ಒಂದು ನಡುಗಡ್ಡೆ ಇದೆ. ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟರೆ ಹೊಳೆ ಅದರ ತಲೆಯನ್ನು ಕೊರೆಯುತ್ತದೆ, ಆ ಮಣ್ಣನ್ನೇ ಬಾಲದ ಕಡೆ ತಂದು ಹಾಕುತ್ತದೆ. ಹೀಗೆ ಗಡ್ಡೆ ವರ್ಷವರ್ಷವೂ ಕೆಳಕ್ಕೆ ಜಾರುತ್ತದೆ. ಇಂಗ್ಲಿಷರ ಕಾಲದ ನಕಾಶೆಯಲ್ಲಿ ಅದು ಇದ್ದ ಜಾಗದಲ್ಲಿ ಈಗ ಆಳವಾದ ಮಡು. ಇದೆಲ್ಲ ನನಗೆ ಗೊತ್ತಿತ್ತು. ಸರ್ವೇಯರ್ ಆಗಿದ್ದವನು, ಗೊತ್ತಿರಲಿಲ್ಲ ಅಂದರೆ ಜನ ನಕ್ಕಾರು.

ಗಡ್ಡೆಯಲ್ಲಿ ಉಳುವ ನಾಲ್ಕೈದು ಮನೆಗಳವರದು ಅವರದೇ ಪದ್ಧತಿ. ನೆರೆ ಇಳಿದ ಮೇಲೆ, ಶೀಗಿ ಹುಣ್ಣಿಮೆಗೆ ಮುಂಚೆ, ಎಲ್ಲರೂ ಸೇರಿ ಒಂದೇ ಹಗ್ಗ ಹಿಡಿದು ಅಳೆಯುತ್ತಿದ್ದರು. ತಲೆಯ ಕಡೆ ಯಾರ ಹೊಲ ಹೊಳೆಯ ಪಾಲಾಗಿದೆಯೋ ಅವರಿಗೆ ಬಾಲದ ಹೊಸ ಮಣ್ಣು. ಜಗಳವಿಲ್ಲ, ತಕರಾರಿಲ್ಲ. ಅಳೆದಾದ ಮೇಲೆ ಹಗ್ಗ ಒಬ್ಬ ಮುದುಕಿಯ ಮನೆಯಲ್ಲಿ ಇರುತ್ತಿತ್ತು.

ನಾನು ನಿವೃತ್ತನಾಗುವ ಎರಡು ವರ್ಷ ಮುಂಚೆ ಆ ಮುದುಕಿಯೇ ಅರ್ಜಿ ಕೊಟ್ಟು ನನ್ನನ್ನು ಕರೆಸಿದಳು. ಆ ವರ್ಷ ಅವಳ ಹೊಲ ಪೂರ್ತಿ ಕೊಚ್ಚಿಹೋಗಿ, ಹಗ್ಗದ ಪ್ರಕಾರ ಬಾಲದಲ್ಲಿ ಅಷ್ಟೇ ನೆಲ ಸಿಕ್ಕಿತ್ತು.

"ನಾ ಸತ್ತ ಮ್ಯಾಲ ನನ್ನ ಮಗಳಿಗೆ ಹಗ್ಗದ ಮಾತು ಯಾರ ನಡಸ್ತಾರ್ರಿ ಸಾಹೇಬ್ರ? ಕಾಗದದಾಗ ಬರದ ಕೊಡ್ರಿ," ಎಂದಳು.

ನಾನು ನಕಾಶೆ ಬಿಚ್ಚಿದೆ. "ನಿನ್ನ ಹೊಲ ಹೊಳ್ಯಾಗ ಹೋಗೇತಿ ನೋಡಬೇ."

"ಹೋಗಿಲ್ರಿ, ಕೆಳಗ ಸರದೈತಿ."

"ಹೊಲ ಏನ್ ಚಕ್ಕಡಿ ಏನಬೇ, ಸರಿಯಾಕ?" ಎಂದು ನಕ್ಕೆ. ಜೊತೆಗಿದ್ದ ರೈತರು ನಗಲಿಲ್ಲ. "ಬಾಲದಾಗಿಂದು ಈ ಆಯೀದ ಹೊಲಾರಿ, ನಾವ ಅಳದ ಕೊಟ್ಟೇವಿ," ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಅಳೆಯುವವನು ನಾನೋ, ಇವರೋ? ಅವಳ ಹೊಲ ನದಿಪಾತ್ರ, ಬಾಲದ ಮಣ್ಣು ಸರಕಾರದ್ದು ಎಂದು ಬರೆದೆ. ಉಳಿದವರ ಹೊಲಗಳಿಗೆ ಗಡಿಕಲ್ಲು ನೆಡಿಸಿ ಬಂದೆ. ಕಾಯಿದೆ ಪ್ರಕಾರ ಒಂದಕ್ಷರವೂ ತಪ್ಪಿರಲಿಲ್ಲ.

ನಿವೃತ್ತನಾದ ಮೇಲೆ, ಹೋದ ಚಳಿಗಾಲದಲ್ಲಿ, ಪ್ಯಾಂಟು ಮಡಚಿ ಹೊಳೆ ದಾಟಿ ಮತ್ತೆ ಅಲ್ಲಿಗೆ ಹೋದೆ. ಯಾಕೆ ಹೋದೆನೋ, ಮನೆಯವಳಿಗೂ ಹೇಳಿರಲಿಲ್ಲ. ನಾನು ನೆಡಿಸಿದ ಮೊದಲ ಕಲ್ಲು ನೀರಿನಲ್ಲಿ ಬಿದ್ದಿತ್ತು. ಬಾಲದ ಮಣ್ಣಿನಲ್ಲಿ ಜಾಲಿಕಂಟಿ ಎದೆಯುದ್ದ ಬೆಳೆದಿತ್ತು. ಮುದುಕಿ ಪಕ್ಕದವನ ಬದನೆ ಹೊಲದಲ್ಲಿ ಕೂಲಿಗೆ ಕಾಯಿ ಹರಿಯುತ್ತಿದ್ದಳು. ಅದೇ ಸಾಲಿನ ಇನ್ನೊಂದು ತುದಿಯಲ್ಲಿ ಮಗಳು.

ನನಗೆ ನಾಚಿಕೆಯಾಯಿತು. ಮುದುಕಿ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಆರಾಮ ಅದೀರೇನ್ರಿ ಸಾಹೇಬ್ರ?" ಅಂದಳು.

ನಾನು ಕೇಳಿದೆ, "ಆ ಹಗ್ಗ ಎಲ್ಲೈತಬೇ?"

"ನೀವು ಕಲ್ಲ ನೆಟ್ಟ ಮ್ಯಾಲ ಯಾರೂ ಕೇಳಾಕ ಬರಲಿಲ್ರಿ," ಎಂದಳು. "ಎಮ್ಮಿ ಕಟ್ಟೇನಿ."