ಮಾವನವರ ಮೈಲೇಜು, ಇನ್ನೂರು ಲೀಟರ್ ನೀರು

ನನ್ನದೊಂದು ಚಟವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊಸಬರು ಯಾರಾದರೂ ಪರಿಚಯವಾದರೆ ಊರು ಯಾವುದು, ಮಕ್ಕಳೆಷ್ಟು ಎಂದು ಕೇಳುವ ಮೊದಲು ‘ಗಾಡಿ ಎಷ್ಟು ಕೊಡ್ತದ?’ ಎಂದು ಕೇಳುತ್ತೇನೆ. ನಮ್ಮ ಗದಗಿನ ಕಡೆ ಇದು ಯೋಗಕ್ಷೇಮದ ಮಾತು. ನಾನೀಗಿರುವ ಕತಾರಿನ ದೋಹಾದಲ್ಲಿ ಕೇಳಿದರೆ ಜನ ನಿಮ್ಮನ್ನು ಕನಿಕರದಿಂದ ನೋಡುತ್ತಾರೆ. ಇಲ್ಲಿ ಪೆಟ್ರೋಲು ಹಣ್ಣಿನ ರಸಕ್ಕಿಂತ ಅಗ್ಗ. ಲೀಟರಿಗೆ ಎಷ್ಟು ಓಡುತ್ತದೆ ಎಂದು ಕೇಳುವುದೂ ಊಟಕ್ಕೆ ಕೂತಲ್ಲಿ ಅನ್ನದಲ್ಲಿ ಎಷ್ಟು ಅಗುಳಿವೆ ಎಂದು ಕೇಳುವುದೂ ಒಂದೇ. ಹಾಗೆಂದು ಚಟ ಬಿಡುತ್ತದೆಯೆ? ಹದಿನಾಲ್ಕು ವರ್ಷದಿಂದ ಇಲ್ಲಿನ ಗ್ಯಾಸ್ ಕಂಪನಿಯೊಂದರಲ್ಲಿ ಪಂಪು ಕಂಪ್ರೆಸರುಗಳನ್ನು ನೋಡಿಕೊಳ್ಳುವ ಇಂಜಿನಿಯರ್ ನಾನು. ಪೆಟ್ರೋಲ್ ಬಂಕಿನಲ್ಲಿ ಮಾತ್ರ ಈಗಲೂ ಮೀಟರಿನ ಮುಂದೆ ಕೈಕಟ್ಟಿ ನಿಲ್ಲುತ್ತೇನೆ.

ಚಟ ನನ್ನದಾದರೂ ಹತ್ತಿಸಿದವರು ನನ್ನ ಮಾವನವರು. ನನ್ನ ಹೆಂಡತಿ ಶೈಲಜಾಳ ತಂದೆ. ಸರಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಡ್ರೈವರ್ ಆಗಿದ್ದು ನಿವೃತ್ತರಾದವರು. ಡಿಪೋದಲ್ಲಿ ಪ್ರತಿ ಡ್ರೈವರಿಗೂ ಲೀಟರಿಗೆ ಎಷ್ಟು ಕಿಲೋಮೀಟರ್ ತಂದ ಎಂಬ ಲೆಕ್ಕವಿರುತ್ತದಂತೆ. ತಿಂಗಳ ಕೊನೆಗೆ ಹಲಗೆಯ ಮೇಲೆ ಹೆಸರು ಬರೆದು ಹಾಕುತ್ತಾರಂತೆ. ಮಾವನವರ ಹೆಸರು ಸದಾ ಮೇಲಿನ ಮೂರರಲ್ಲಿ. ಅವರ ಪ್ರಕಾರ ಜಗತ್ತಿನ ಗಂಡಸರಲ್ಲಿ ಎರಡೇ ಜಾತಿ, ಡ್ರೈವರ್ ಮತ್ತು ಪ್ಯಾಸೆಂಜರ್. ಮದುವೆಯಾದ ವರ್ಷವೇ ನಾನು ಓಡಿಸುತ್ತಿದ್ದ ಕಾರಿನಲ್ಲಿ ಒಮ್ಮೆ ಕೂತು, ಇಳಿಯುವಾಗ ಶೈಲಜಾಳಿಗೆ, “ಅಳಿಯಂದ್ರು ಭಾಳ ಒಳ್ಳೇವ್ರು, ಪ್ಯಾಸೆಂಜರ್ ಮಂದಿ,” ಎಂದು ಹೇಳಿ ಹೋಗಿದ್ದರು. ಅಂದಿನಿಂದ ಅವರ ಬಾಯಿಂದ ‘ಛಲೋ ಓಡಿಸೀರಿ’ ಎಂಬ ಎರಡು ಮಾತು ಕೇಳಬೇಕೆಂಬುದೇ ನನ್ನ ಬಾಳಿನ ಗುರಿ. ಪ್ರಮೋಷನ್ ಎಲ್ಲ ಆಮೇಲೆ.

ಎರಡು ವರ್ಷದ ಹಿಂದೆ ಚಳಿಗಾಲಕ್ಕೆ ಅವರು ದೋಹಾಕ್ಕೆ ಬಂದರು. ಆಗಷ್ಟೇ ನಾನೊಂದು ಹಳೆಯ ಪಿಕಪ್ ಕೊಂಡಿದ್ದೆ. ಎಂಟು ಸಿಲಿಂಡರಿನ ದೈತ್ಯ. ಮದೀನತ್ ಖಲೀಫಾದ ನಮ್ಮ ವಿಲ್ಲಾದ ಮುಂದೆ ಅದನ್ನು ನಿಲ್ಲಿಸಿದರೆ ಮನೆಯೇ ಅದರ ಶೆಡ್ಡಿನಂತೆ ಕಾಣುತ್ತದೆ. ಮಾವನವರು ಒಂದು ಸುತ್ತು ಬಂದು, ಟೈರನ್ನು ಕಾಲಿಂದ ಒತ್ತಿ ನೋಡಿ, ನಿರೀಕ್ಷಿಸಿದ್ದ ಪ್ರಶ್ನೆಯನ್ನೇ ಕೇಳಿದರು. ನಾನು ಹತ್ತು ಎಂದೆ. ಅದು ಕೊಡುವುದು ಏಳು. ಅವರು ನನ್ನ ಮುಖ ನೋಡಿ, “ಇಳಿಜಾರಿನ್ಯಾಗ?” ಎಂದರು.

ಈ ಹೊತ್ತಿಗೆ ಸರಿಯಾಗಿ ಗೆಳೆಯ ಹಮೀದ್ ಬಂದರು. ಮಂಗಳೂರು ಕಡೆಯ ಬ್ಯಾರಿ, ಇಂಡಸ್ಟ್ರಿಯಲ್ ಏರಿಯಾದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ, ಇಪ್ಪತ್ತೈದು ವರ್ಷದ ದೋಹಾವಾಸಿ. ಇಲ್ಲಿ ಚಳಿ ಬಿತ್ತೆಂದರೆ ಕತಾರಿಗಳೆಲ್ಲ ಮರುಭೂಮಿಗೆ ಹೊರಟು ಡೇರೆ ಹಾಕಿ ತಿಂಗಳುಗಟ್ಟಲೆ ಕೂರುತ್ತಾರೆ. ಹಮೀದರ ಕತಾರಿ ಪಾಲುದಾರನಿಗೂ ಸೀಲೈನ್ ಎಂಬಲ್ಲಿ ಕಡಲ ಬಳಿ ಅಂಥದೊಂದು ಜಾಗವಿತ್ತು. ಪರವಾನಗಿಯೂ ಇತ್ತು. ಹಮೀದರ ಬಳಿ ಒಂದು ಹಳೆಯ ಕ್ಯಾರವಾನ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ, ಸುಮ್ಮನೆ ನಿಂತಿತ್ತು. ಅಡುಗೆಕಟ್ಟೆ, ಎರಡು ಮಂಚ, ಬಚ್ಚಲು, ಹೊಟ್ಟೆಯ ಕೆಳಗೆ ಇನ್ನೂರು ಲೀಟರಿನ ನೀರಿನ ಟ್ಯಾಂಕು. ಮಾವನವರನ್ನು ಕರಕೊಂಡು ಎರಡು ದಿನ ಹೋಗಿ ಬನ್ನಿ ಎಂದರು ಹಮೀದ್. ಕಟ್ಟಿಕೊಂಡು ಹೋದರೆ ಗಾಡಿ ಎಷ್ಟು ಕೊಡಬಹುದು ಎಂದು ನಾನು ಕೇಳಿದೆ.

“ಅದೊಂದು ಕೇಳ್ಬೇಡಿ ಮಾರಾಯ್ರೆ,” ಎಂದರು ಹಮೀದ್. “ಸುಮ್ಮನೆ ಬೇಜಾರಾಗ್ತದೆ.”

ಮಾವನವರು ಮಾತ್ರ ಬಿಡಲಿಲ್ಲ. ಕ್ಯಾರವಾನಿನ ಎತ್ತರ ಅಗಲ ನೋಡಿ, ಕಣ್ಣು ಮುಚ್ಚಿ ಏನೋ ಗುಣಾಕಾರ ಮಾಡಿ, ಐದು ಬರಬೇಕು, ಒಳ್ಳೆಯ ಡ್ರೈವರ್ ಆದರೆ ಐದು ಬಂದೇ ಬರುತ್ತದೆ ಎಂದು ತೀರ್ಪು ಕೊಟ್ಟರು. ಆಮೇಲೆ ಒಳಗೆ ಹೋಗಿ ತಮ್ಮ ಕೈಚೀಲದಿಂದ ಒಂದು ಹಿತ್ತಾಳೆಯ ಬಿಲ್ಲೆ ತಂದರು. ಡೀಸೆಲ್ ಉಳಿಸಿದ್ದಕ್ಕೆ ಡಿಪೋದಲ್ಲಿ ಕೊಟ್ಟದ್ದು. ಹೋಗಿ ಬರುವ ಎರಡೂ ಕಡೆ ಸೇರಿ ಲೀಟರಿಗೆ ಐದು ತಂದರೆ ಇದು ನಿಮ್ಮದು ಎಂದರು. ಶೈಲಜಾ ಬೆರಗಾದಳು, ಆ ಬಿಲ್ಲೆಯನ್ನು ಅಪ್ಪ ಯಾರಿಗೂ ಮುಟ್ಟಲು ಕೊಟ್ಟವರಲ್ಲ ಎಂದಳು. ನನಗೆ ಅಂದು ಮಧ್ಯಾಹ್ನದ ಊಟ ಸೇರಲಿಲ್ಲ.

ಹೊರಡುವ ಬೆಳಿಗ್ಗೆ ಮೊದಲು ಬಂಕಿಗೆ ಹೋದೆವು. ಟ್ಯಾಂಕ್ ಬಾಯಿಮಟ ತುಂಬಿಸಿ, ಓಡಿಸಿ, ಮತ್ತೆ ಬಾಯಿಮಟ ತುಂಬಿಸಿ ಲೆಕ್ಕ ಹಾಕುವುದು ಡಿಪೋದ ಪದ್ಧತಿ. ಬಂಕಿನ ನೇಪಾಳಿ ಹುಡುಗ ಪಂಪು ತಾನಾಗಿ ನಿಂತ ಕೂಡಲೇ ಖಲಾಸ್ ಎಂದ. ಮಾವನವರು ಒಪ್ಪಲಿಲ್ಲ. ಒಳಗೆ ಗಾಳಿಯ ಗುಳ್ಳೆ ಇರುತ್ತದಂತೆ, ಗಾಡಿ ಅಲ್ಲಾಡಿಸಿದರೆ ಇನ್ನೊಂದು ಲೀಟರ್ ಹಿಡಿಯುತ್ತದಂತೆ. ಹಾಗಾಗಿ ನಾನೂ ಅವರೂ ಪಿಕಪ್ಪಿನ ಹಿಂಬದಿಗೆ ಎರಡು ಕಡೆ ನಿಂತು, ಹಟ ಮಾಡುವ ಎಮ್ಮೆಯನ್ನು ಎಬ್ಬಿಸುವವರಂತೆ ಅದನ್ನು ಮೇಲೆ ಕೆಳಗೆ ಕುಲುಕಿದೆವು. ಹಿಂದೆ ಕ್ಯಾರವಾನ್ ತಾನೂ ತಲೆದೂಗಿತು. ಅದರೊಳಗೆ ಶೈಲಜಾ ಜೋಡಿಸಿಟ್ಟಿದ್ದ ಪಾತ್ರೆಗಳು ದಡದಡ ಬಿದ್ದವು. ಸಾಲಿನಲ್ಲಿ ನಿಂತಿದ್ದ ಬಿಳಿ ನಿಲುವಂಗಿಯ ಯಜಮಾನರೊಬ್ಬರು ಗಾಜು ಇಳಿಸಿ, ಗಾಡಿ ಕೆಟ್ಟಿದೆಯೆ, ಸಹಾಯ ಬೇಕೆ ಎಂದು ವಿಚಾರಿಸಿದರು. ನನ್ನ ಹನ್ನೆರಡು ವರ್ಷದ ಮಗಳು ಸೀಟಿನಲ್ಲಿ ಕೆಳಗೆ ಜಾರಿ ಮುಖಕ್ಕೆ ಪುಸ್ತಕ ಹಿಡಿದಳು.

ಇಲ್ಲೇ ನನ್ನ ಪಾಪವನ್ನೂ ಹೇಳಿಬಿಡುತ್ತೇನೆ. ಅಂದು ಮಾವನವರು ಸ್ನಾನಕ್ಕೆ ಹೋಗಿದ್ದಾಗ ನಾನು ಕ್ಯಾರವಾನಿನ ಕೆಳಗೆ ತೂರಿ ನೀರಿನ ಟ್ಯಾಂಕಿನ ನಲ್ಲಿ ತಿರುಗಿಸಿ ನೀರೆಲ್ಲ ಹರಿಯಬಿಟ್ಟಿದ್ದೆ. ಇನ್ನೂರು ಲೀಟರ್ ಎಂದರೆ ಇನ್ನೂರು ಕಿಲೋ. ಅಷ್ಟು ಭಾರ ಸುಮ್ಮನೆ ಯಾಕೆ ಎಳೆಯಬೇಕು? ಕಡಲ ದಂಡೆಗೆ ತಾನೆ ಹೋಗುವುದು, ನೀರಿಗೇನು ಬರ. ಕಡಲಿನ ನೀರು ಕುಡಿಯಲು ಬರುವುದಿಲ್ಲ ಎಂಬ ಸಂಗತಿ ಒಬ್ಬ ಇಂಜಿನಿಯರಿಗೆ ಆ ಕ್ಷಣದಲ್ಲಿ ಹೊಳೆಯಲಿಲ್ಲ. ಬಿಲ್ಲೆಯ ಆಸೆ ಬುದ್ಧಿಗೆ ಅಷ್ಟು ಮಂಕು ಕವಿಸಿತ್ತು.

ದಾರಿಯಲ್ಲಿ ನಾನು ಓಡಿಸಿದ ಚೆಂದವನ್ನು ನೀವು ನೋಡಬೇಕಿತ್ತು. ಗಂಟೆಗೆ ಎಪ್ಪತ್ತು, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. ಎಸಿ ಬಂದ್. ಬ್ರೇಕು ಒತ್ತಿದರೆ ಎಣ್ಣೆ ಸುಟ್ಟಂತೆ ಎಂದು ಮಾವನವರು ಹೇಳುತ್ತಿದ್ದರಿಂದ ಅರ್ಧ ಕಿಲೋಮೀಟರ್ ಮೊದಲೇ ಸಿಗ್ನಲನ್ನು ದಿಟ್ಟಿಸಿ, ಮನಸ್ಸಿನಲ್ಲೇ ಹಸಿರಾಗು ಎಂದು ಬೇಡಿಕೊಂಡು ತೇಲುತ್ತ ಹೋದೆ. ಪಕ್ಕದಲ್ಲಿ ಅವರು ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ, ಇಲ್ಲದ ಕ್ಲಚ್ಚನ್ನು ಒತ್ತುತ್ತ ಬಿಡುತ್ತ ಕೂತಿದ್ದರು. ಹಿಂದಿನಿಂದ ಗಾಳಿ ಬೀಸುತ್ತಿತ್ತು. ಉತ್ತರದಿಂದ ಬರುವ ಈ ಗಾಳಿಗೆ ಇಲ್ಲಿ ಶಮಾಲ್ ಎನ್ನುತ್ತಾರೆ, ನಾವು ಹೊರಟದ್ದು ದಕ್ಷಿಣಕ್ಕೆ. ಸೀಲೈನ್ ಹತ್ತಿರದ ಬಂಕಿನಲ್ಲಿ ಮತ್ತೆ ತುಂಬಿಸಿ, ಮತ್ತೆ ಕುಲುಕಿ ನೋಡಿದರೆ, ಎಪ್ಪತ್ತು ಕಿಲೋಮೀಟರಿಗೆ ಹತ್ತೇ ಲೀಟರ್. ಏಳು! ಮನೆ ಕಟ್ಟಿಕೊಂಡೂ ಏಳು! ನಾನು ಬಂಕಿನಲ್ಲಿ ಸಣ್ಣಗೆ ಕುಣಿದೆ, ಸುಳ್ಳೇಕೆ ಹೇಳಲಿ. ಮಾವನವರು ಮೀಟರನ್ನು ಎರಡು ಸಲ ಓದಿ, ಹೋದ ಬಸ್ಸಿಗೆ ಮೈಲೇಜ್ ಇರುವುದಿಲ್ಲ, ಡಿಪೋಕ್ಕೆ ತಿರುಗಿ ಬಂದ ಬಸ್ಸಿಗೆ ಮಾತ್ರ ಇರುತ್ತದೆ ಎಂದರು. ಆದರೆ ಅವರ ಹುಬ್ಬು ಒಂಚೂರು ಮೇಲೇರಿದ್ದನ್ನು ನಾನು ನೋಡಿದ್ದೆ.

ಸೀಲೈನಿನಲ್ಲಿ ಮರಳ ಮೇಲೆ ಚಾಪೆ ಹಾಸಿ, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿಂದು, ಕೈತೊಳೆಯಲೆಂದು ಶೈಲಜಾ ನಲ್ಲಿ ತಿರುಗಿಸಿದಳು. ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಎಲ್ಲರ ಕೈಯಲ್ಲೂ ಎಣ್ಣೆ, ಬಾಯಲ್ಲಿ ಖಾರ. ಟ್ಯಾಂಕು ಸೋರಿರಬೇಕು ಎಂದೆ. ಶೈಲಜಾ ಹಮೀದರ ಕ್ಯಾರವಾನನ್ನೂ ಅದನ್ನು ತಂದವರನ್ನೂ ಒಟ್ಟಿಗೇ ಬಯ್ದಳು. ಮಾವನವರು ಮಾತ್ರ ಮೊಣಕಾಲೂರಿ, ಕ್ಯಾರವಾನಿನ ಕೆಳಗೆ ಬಗ್ಗಿ ನೋಡಿ, ಎದ್ದು ಮಂಡಿಯ ಮರಳು ಕೊಡವಿಕೊಂಡರು. ಡ್ರೈವರ್‌ಗಳು ನಲ್ಲಿ ಸೋರಿದ್ದಕ್ಕೂ ತಿರುಗಿಸಿದ್ದಕ್ಕೂ ಇರುವ ವ್ಯತ್ಯಾಸ ತಿಳಿದವರು.

ಪಕ್ಕದ ಡೇರೆಯ ಕತಾರಿ ಮುದುಕರು ನಾವು ಎಣ್ಣೆಗೈ ಚಾಚಿಕೊಂಡು ನಿಂತದ್ದನ್ನು ದೂರದಿಂದಲೇ ಕಂಡರು. ಒಂದು ಮಾತು ಕೇಳದೆ ತಮ್ಮ ನೀರಿನ ಗಾಡಿಯಿಂದ ಪೈಪು ಎಳೆಸಿ, ನಮ್ಮ ಟ್ಯಾಂಕನ್ನು ಉಕ್ಕಿ ಹರಿಯುವವರೆಗೆ ತುಂಬಿಸಿದರು. ನಾನು ಅರ್ಧ ಸಾಕು, ಬಸ್, ಖಲಾಸ್ ಎಂದು ಕೈ ಆಡಿಸಿದಷ್ಟೂ ಅದನ್ನು ಸಂಕೋಚವೆಂದು ತಿಳಿದು ಇನ್ನಷ್ಟು ತುಂಬಿಸಿದರು. ಆಮೇಲೆ ಒಂದು ತಟ್ಟೆ ಅನ್ನ ಮಾಂಸ ಬಂತು, ನಾವು ತಿನ್ನದವರೆಂದು ತಿಳಿದು ಅದು ವಾಪಸು ಹೋಗಿ ಎರಡು ಪೆಟ್ಟಿಗೆ ಖರ್ಜೂರ ಬಂತು. ಹೊರಡುವ ದಿನ ಟ್ಯಾಂಕಿನಲ್ಲಿ ನೀರು ತಗ್ಗಿದ್ದನ್ನು ಕಂಡು ಮತ್ತೊಮ್ಮೆ ಭರ್ತಿ. ಇನ್ನೂರು ಕಿಲೋ ಬಿಟ್ಟು ಬಂದವನು ಇನ್ನೂರಾ ಇಪ್ಪತ್ತು ಕಿಲೋ ಹೊತ್ತು ಹೊರಟೆ. ಸಾಲದ್ದಕ್ಕೆ ಶಮಾಲ್ ಈಗ ಎದುರಿಗೆ.

ಗಾಡಿ ನರಳುತ್ತ ಬಂತು. ದೋಹಾದಲ್ಲಿ ಅದೇ ಬಂಕು, ಅದೇ ಪಂಪು, ಅದೇ ಹುಡುಗ. ಈ ಸಲ ಅವನೇ ಬಂದು ಗಾಡಿ ಕುಲುಕಲು ಕೈಜೋಡಿಸಿದ. ಎಪ್ಪತ್ತು ಕಿಲೋಮೀಟರಿಗೆ ಇಪ್ಪತ್ತು ಲೀಟರ್. ಮೂರೂವರೆ. ನಾನು ಧೈರ್ಯಗೆಡಲಿಲ್ಲ. ಹೋಗುವಾಗ ಏಳು, ಬರುವಾಗ ಮೂರೂವರೆ, ಕೂಡಿಸಿ ಎರಡರಿಂದ ಭಾಗಿಸಿ ಐದೂಕಾಲು, ಗೆದ್ದೆ ಎಂದೆ. ಮಾವನವರು ನನ್ನ ಡಿಗ್ರಿಯ ಬಗ್ಗೆ ಮರುಕಪಡುವವರಂತೆ ನೋಡಿದರು. ಹಾಗೆ ಕೂಡಿಸಬಾರದಂತೆ. ಓಡಿದ್ದು ಒಟ್ಟು ನೂರಾ ನಲವತ್ತು, ಸುಟ್ಟಿದ್ದು ಮೂವತ್ತು. ಐದಾದರೆ ಇಪ್ಪತ್ತೆಂಟು ಲೀಟರ್, ನಾಲ್ಕಾದರೆ ಮೂವತ್ತೈದು ಎಂದು ಬೆರಳು ಮಡಚುತ್ತಿದ್ದ ನನ್ನನ್ನು ತಡೆದು, “ನಾಲ್ಕೂ ಮುಕ್ಕಾಲಿಗೆ ಒಂಚೂರು ಕಮ್ಮಿ,” ಎಂದರು. ಏಳನೇ ಇಯತ್ತೆ ಓದಿದವರು.

ನನ್ನ ಮುಖ ಬಾಡಿತು. ಆಗ ಅವರು ಕ್ಯಾರವಾನಿಗೆ ಒರಗಿ, ತಗ್ಗಿದ ದನಿಯಲ್ಲಿ ಮಾತಾಡಿದರು.

“ನೀರ ನೀವ ಬಿಟ್ರಿ, ನಂಗ ಗೊತ್ತೈತಿ. ಮಂದೀನ ಸ್ಟಾಪಿನ್ಯಾಗ ಬಿಟ್ಟು ಬರೇ ಬಸ್ ಓಡಿಸಿದ್ರ ಯಾರಿಗರ ಮೈಲೇಜ್ ಬರತೈತಿ, ಅಳಿಯಂದ್ರ.”

ನಾನು ಕ್ಷಮಿಸಿ ಎಂದೆ.

“ನಾನೂ ಬಿಟ್ಟೀನ್ರಿ. ಏರಿನ ಮ್ಯಾಲೆ ಒಂದ ಸ್ಟಾಪ್ ಇತ್ತು. ನಿಲ್ಲಿಸಿ ಮತ್ತ ಎತ್ತಬೇಕಂದ್ರ ಡೀಸೆಲ್ ಭಾಳ ಕುಡೀತಿತ್ತು. ಒಬ್ಬಾಕಿ ಕೂಸಿನ್ನ ಬಗಲಾಗ ಇಟ್ಕೊಂಡು ಕೈ ಮಾಡಿದ್ಲು. ನಿಲ್ಲಿಸಲಿಲ್ಲ. ಕನ್ನಡ್ಯಾಗ ಆಕಿ ಸಣ್ಣಾಕ್ಕೋಂತ ಹೋದ್ಲು. ಆ ತಿಂಗಳಾನ ಈ ಬಿಲ್ಲೆ ಬಂತು. ಯಾರಿಗರ ಕೊಟ್ಟು ಕೈ ತೊಳ್ಕೋಬೇಕು ಅನಕೊಂಡಿದ್ದೆ. ಐದ ಬರಲಿಲ್ಲ, ಛಲೋನ ಆತು. ನಿಮ್ಮ ಕೊರಳಿಗೂ ಇದ ಬೀಳತಿತ್ತು.”

ಬಿಲ್ಲೆ ಕೈಚೀಲಕ್ಕೆ ಮರಳಿತು. ಮಾವನವರು ತಿಂಗಳ ನಂತರ ಊರಿಗೆ ಮರಳಿದರು. ಆಮೇಲೆ ನಾನು ಕೂತು ಓದಿದೆ. ಇಂಥ ಚಕ್ರದ ಮನೆ ಎಳೆಯುವಾಗ ಎಣ್ಣೆ ತಿನ್ನುವುದು ಭಾರಕ್ಕಿಂತ ಹೆಚ್ಚಾಗಿ ಗಾಳಿಯಂತೆ. ಎದ್ದು ನಿಂತ ಗೋಡೆಯೊಂದನ್ನು ಗಾಳಿಯೊಳಗೆ ನೂಕಿದ ಹಾಗೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಭಾರ ತೊಂದರೆ ಕೊಡುವುದು ಏರಿನಲ್ಲಿ, ನಿಂತು ಹೊರಡುವಲ್ಲಿ. ಕತಾರ್ ಇರುವುದು ರೊಟ್ಟಿಯ ಹಂಚಿನಷ್ಟು ಸಪಾಟಾಗಿ. ಅಂದರೆ ಅಂದು ಬಂದ ಏಳರಲ್ಲಿ ನಾನು ಬಿಟ್ಟ ನೀರಿನ ಪಾಲು ಇದ್ದೂ ಇಲ್ಲದಂತೆ. ಮೈಲೇಜು ಗಾಳಿಯದು, ಪಾಪ ಮಾತ್ರ ನನ್ನದು. ಒಬ್ಬನೇ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಈ ಚಳಿಗಾಲಕ್ಕೆ ಮತ್ತೆ ಹೋಗಿದ್ದೆವು. ಹೋಗುವಾಗಲೂ ಬರುವಾಗಲೂ ಟ್ಯಾಂಕಿನಲ್ಲಿ ನೀರು ಭರ್ತಿ. ದಾರಿಯಲ್ಲಿ ಟೈರು ಒಡೆದುಕೊಂಡು ನಿಂತಿದ್ದ ಒಂದು ಮಲಯಾಳಿ ಸಂಸಾರಕ್ಕೆ ಜಾಕು ಕೊಡಲು ನಿಲ್ಲಿಸಿದೆ. ಮರಳಿನಲ್ಲಿ ಹೂತ ಕಾರೊಂದನ್ನು ಹಗ್ಗ ಕಟ್ಟಿ ಎಳೆದೆ, ಪಿಕಪ್ಪು ಪೆಟ್ರೋಲನ್ನು ಗಟಗಟ ಕುಡಿಯಿತು. ಆ ಮುದುಕರ ಡೇರೆಗೆ ರೊಟ್ಟಿ, ಶೇಂಗಾ ಹೋಳಿಗೆ ಕೊಡಲೆಂದು ಎರಡು ಕಿಲೋಮೀಟರ್ ಸುತ್ತು ಹಾಕಿದೆ. ಬಂಕಿಗೆ ಬಂದು ಕುಲುಕಿ ಲೆಕ್ಕ ಹಾಕಿದರೆ ನಾಲ್ಕೂ ಚಿಲ್ಲರೆ. ಅಲ್ಲಿಂದಲೇ ಮಾವನವರಿಗೆ ಫೋನ್ ಹಚ್ಚಿ ಅಂಕಿ ಒಪ್ಪಿಸಿದೆ. ಅವರು ಅಂಕಿ ಬಿಟ್ಟು ಬೇರೆಯದನ್ನೇ ಕೇಳಿದರು.

“ನೀರಿತ್ತೇನ್ರಿ?”

“ತುಂಬಾ ಇತ್ರಿ, ಮಾವಾರ.”

“ಎಷ್ಟ ಕಡೆ ನಿಲ್ಲಿಸಿದ್ರಿ?”

“ಮೂರ ಕಡೆರಿ.”

“ಛಲೋ ಓಡಿಸೀರಿ,” ಎಂದು ಫೋನ್ ಇಟ್ಟರು.

ಈಗ ದೋಹಾದಲ್ಲಿ ಯಾರು ಸಿಕ್ಕರೂ, ಅವರು ಕೇಳದಿದ್ದರೂ, ನನ್ನ ಗಾಡಿ ನಾಲ್ಕು ಕೊಡುತ್ತದೆ ಎಂದು ಹೇಳಿಕೊಳ್ಳುತ್ತೇನೆ. ಅವರು ಮೊದಲಿನಂತೆಯೇ ಕನಿಕರದಿಂದ ನೋಡುತ್ತಾರೆ. ನಾನು ಎದೆಯುಬ್ಬಿಸಿ ನಿಂತಿರುತ್ತೇನೆ.