ಜೋಡಿಸಿಟ್ಟ ಚೀಟಿಗಳು

ರೇಣುಕಾ ಅವರೇ, ನಿಮ್ಮ ಮಗಳು ಅನುಷಾಗೆ ನನ್ನ ತರಗತಿಯಲ್ಲಿದ್ದಾಗ ಓದಲು ಬರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಬರುತ್ತದೆ ಎಂದು ನಿಮ್ಮ ಮುಖ ನೋಡಿಕೊಂಡೇ ಹೇಳಿದೆ.

ದಾವಣಗೆರೆಯ ಎಸ್.ಎಸ್. ಬಡಾವಣೆಯ ಆ ಪುಟ್ಟ ಶಿಶುವಿಹಾರದಲ್ಲಿ ನನ್ನನ್ನು ಎಲ್ಲರೂ ಸ್ಲೈಮ್ ಮಿಸ್ ಅನ್ನುತ್ತಿದ್ದರು. ಬಿಳಿ ಗೋಂದು, ಬಣ್ಣದ ನೀರು, ಚಿಟಿಕೆ ಸೋಡಾ, ಕೊನೆಗೆ ಕಣ್ಣಿನ ಲೆನ್ಸ್ ತೊಳೆಯುವ ದ್ರವ — ಕಲಸಿದರೆ ಎಳೆದಷ್ಟೂ ಬರುವ ಮುದ್ದೆ. ಇದು ನೀರೋ ಗಟ್ಟಿಯೋ ಎಂದು ಕೇಳಿದರೆ ಮಕ್ಕಳು ವಾದಕ್ಕೆ ಬೀಳುತ್ತಿದ್ದರು. ಅನುಷಾ ಮಾತ್ರ ಮೇಜಿಗೆ ಗಲ್ಲ ಆನಿಸಿ, ಅದು ಹರಡುವುದನ್ನು ಬಹಳ ಹೊತ್ತು ನೋಡಿ, "ನೀರೇ ಮಿಸ್, ಆದ್ರ ಇದಕ್ಕ ಅವಸರ ಇಲ್ಲ" ಅಂದಿದ್ದಳು. ಅವಸರವಿದ್ದದ್ದು ನನಗೆ.

ಓದು ಕಲಿಸಲೆಂದು ಒಂದೊಂದು ಹಂತವನ್ನೂ ಒಂದೊಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದೆ. ಗೋಂದು ಸುರಿ. ಬಣ್ಣ ಹಾಕು. ಸೋಡಾ ಬೆರೆಸು. ಕಲಸು. ಚೀಟಿ ಓದಿದವರಿಗೇ ಆ ಕೆಲಸ. ಅನುಷಾ ಎಲ್ಲರಿಗಿಂತ ಮೊದಲು ಗಡಗಡ ಹೇಳುತ್ತಿದ್ದಳು. ಒಂದು ದಿನ ಚೀಟಿಗಳು ನನ್ನ ಕೈಜಾರಿ ಹಿಂದುಮುಂದಾದವು. 'ಕಲಸು' ಎಂಬ ಚೀಟಿಯ ಮೇಲೆ ಬೆರಳಿಟ್ಟು ಅವಳು "ಗೋಂದು ಸುರಿ" ಅಂದಳು. ಇನ್ನೊಂದು ಹಿಡಿದೆ. "ಬಣ್ಣ ಹಾಕು" ಅಂದಳು. ಅದೂ ತಪ್ಪು. ಅವಳು ಓದುತ್ತಲೇ ಇರಲಿಲ್ಲ — ಕೈಗೆ ರೂಢಿಯಾದದ್ದನ್ನು ಬಾಯಲ್ಲಿ ಹೇಳುತ್ತಿದ್ದಳು, ಅಷ್ಟೆ.

ಮತ್ತೆ ಮೊದಲಿನಿಂದ ಕಲಿಸಬಹುದಿತ್ತು. ಆದರೆ ಆ ವಾರವೇ ಪೋಷಕರ ಮುಂದೆ ನನ್ನ ಪಾಠದ ಪ್ರದರ್ಶನವಿತ್ತು, ಮುಖ್ಯೋಪಾಧ್ಯಾಯಿನಿ ಊರಿಗೆಲ್ಲ ಹೇಳಿಕೊಂಡಿದ್ದರು, ನನಗೂ — ಹೌದು, ನನಗೂ ಹೊಗಳಿಸಿಕೊಳ್ಳುವ ಆಸೆಯಿತ್ತು. ಅಂದು ಬೆಳಿಗ್ಗೆ ಬೇಗ ಹೋಗಿ ಚೀಟಿಗಳನ್ನು ಅವಳಿಗೆ ಬಾಯಿಪಾಠವಾಗಿದ್ದ ಕ್ರಮದಲ್ಲೇ ಜೋಡಿಸಿಟ್ಟೆ. ನಿಜವಾಗಿ ಓದಬಲ್ಲ ಮಕ್ಕಳಿದ್ದರು, ತಡವರಿಸುತ್ತಿದ್ದರು. ಅದಕ್ಕೇ ಅನುಷಾಳನ್ನು ಮುಂದೆ ನಿಲ್ಲಿಸಿದೆ. ಚಪ್ಪಾಳೆ ಬಿತ್ತು.

ಹರಿಹರದ ಟೈಲರಿಂಗ್ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ನೀವು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಹೋದ ಮೇಲೆ ಕೇಳಿದಿರಿ: "ಮನ್ಯಾಗ ಒಂದಕ್ಷರ ಓದಲ್ಲ ಮಿಸ್. ನಿಜಕ್ಕೂ ಬರ್ತೈತೇನ್ರಿ? ಇಲ್ಲಾಂದ್ರ ಇನ್ನೊಂದ್ ವರ್ಷ ನಿಮ್ಮತ್ರಾನೇ ಬಿಡ್ತೀನಿ."

"ಬರ್ತೈತ್ರಿ. ನಿಮ್ ಮುಂದ ನಾಚ್ಕಂತಾಳ, ಅಷ್ಟೆ" ಅಂದೆ.

ನೀವು ನಂಬಿ, ಅವಳನ್ನು ಹರಿಹರದಲ್ಲೇ ಒಂದನೇ ತರಗತಿಗೆ ಸೇರಿಸಿದಿರಿ. ನಾನು ವರ್ಷ ವರ್ಷವೂ ಅದೇ ಸ್ಲೈಮ್ ಕಲಸುತ್ತಾ ಬಂದೆ, ಮೊದಲಿನ ಹುರುಪಿಲ್ಲದೆ. ಈಗ ಚೀಟಿಗಳನ್ನು ಪ್ರತಿ ಸಲವೂ ಅದಲುಬದಲು ಮಾಡಿಯೇ ಕೊಡುತ್ತೇನೆ. ಅಂದರೆ ತಪ್ಪನ್ನು ತಿದ್ದಿಕೊಂಡೆ — ನಿಮ್ಮ ಮಗಳೊಬ್ಬಳನ್ನು ಬಿಟ್ಟು ಉಳಿದವರೆಲ್ಲರಿಗೂ.

ಕಳೆದ ತಿಂಗಳು ಹರಿಹರದ ಬಸ್ಸಿನಲ್ಲಿ ನೀವಿಬ್ಬರೂ ಸಿಕ್ಕಿದಿರಿ. ಅನುಷಾ ಈಗ ನಾಲ್ಕನೇ ತರಗತಿ. ಅವಳೆದುರೇ ಹೇಳಿದಿರಿ: "ಓದು ಅಂದ್ರ ಬರಲ್ಲ ಅಂತಾಳ ಮಿಸ್. ಅಷ್ಟು ಸಣ್ಣಾಕಿ ಇದ್ದಾಗ ನಿಮ್ಮತ್ರ ಗಡಗಡ ಓದ್ತಿದ್ಲು, ಈಗ ಬರಲ್ಲ ಅಂದ್ರ ಹೆಂಗೆ? ಸೊಕ್ಕು. ಎರಡು ಹಾಕ್ರಿ ಅಂತ ಅವ್ರ ಟೀಚರಿಗೂ ಹೇಳೀನಿ." ಬರಲ್ಲ ಎಂದು ಮಗು ನಿಜ ಹೇಳುತ್ತಿತ್ತು. ಯಾರೂ ನಂಬದಂತೆ ಮಾಡಿದ್ದು ನಾನು.

"ಮಿಸ್ ಮುಂದಾದ್ರೂ ಓದು" ಎಂದು ಡ್ರೈವರ್ ಹಿಂದಿನ ಬೋರ್ಡು ತೋರಿಸಿದಿರಿ. ಅನುಷಾ ಬೋರ್ಡು ನೋಡಿದಳು, ಆಮೇಲೆ ನನ್ನನ್ನು. ಮಡಿಲಲ್ಲಿದ್ದ ಕೈಯನ್ನು ಕಲಸುವಂತೆ ಮೆಲ್ಲಗೆ ಆಡಿಸುತ್ತಾ ಶುರು ಮಾಡಿದಳು: "ಗೋಂದು ಸುರಿ. ಬಣ್ಣ ಹಾಕು..."

ನೀವು ಅವಳ ತೊಡೆ ಚಿವುಟಿದಿರಿ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಸುಸ್ತಾಗಿದೆ. ಸುಳ್ಳನ್ನು ಹೊತ್ತು ಸುಸ್ತಾಯಿತು ಎಂದರೂ ಅದು ನನ್ನ ಬಗ್ಗೆಯೇ ಮರುಕಪಟ್ಟಂತೆ — ಹೊತ್ತದ್ದು ಅವಳು. ಭಾನುವಾರ ಮನೆಗೆ ಬರುತ್ತೇನೆ. ಅವಳು ಒಪ್ಪಿದರೆ ವಾರವಾರವೂ ಬಂದು ಅ ಆ ಇಂದ ಕಲಿಸುತ್ತೇನೆ. ಬೇಡ ಅಂದರೆ ಬಾಗಿಲಲ್ಲೇ ನಿಂತು, ಸುಳ್ಳು ಹೇಳಿದ್ದು ನೀನಲ್ಲ ನಾನು ಎಂದು ಅವಳಿಗೆ ಹೇಳಿ ಹೋಗುತ್ತೇನೆ.

ಅಲ್ಲಿಯವರೆಗೆ, ರೇಣುಕಾ ಅವರೇ, ಅವಳನ್ನು ಹೊಡೆಯಬೇಡಿ.